ಲಕೋಟೆಗೆ ಅಂಟು ಹಚ್ಚಿ

ಹೋದ ವರ್ಷ ಆಷಾಢದ ಒಂದು ಸಂಜೆ ನನ್ನ ವಾಟ್ಸಾಪಿಗೆ ಒಂದು ಪಿಡಿಎಫ್ ಬಂತು. ಮೇಲೆ ಯಾವುದೋ ಲ್ಯಾಬಿನ ಹೆಸರು. ಮನೆಯವರದೇ ಯಾರದೋ ಶುಗರ್ ರಿಪೋರ್ಟ್ ಇರಬೇಕೆಂದುಕೊಂಡು ತೆರೆದೆ. ಹತ್ತೊಂಬತ್ತು ವರ್ಷದ ಒಬ್ಬ ಹುಡುಗಿಯ ಹೆಸರು, ಅಪ್ಪನ ಹೆಸರು, ಊರು. ಕೆಳಗೆ ಬೀಟಾ ಎಚ್‌ಸಿಜಿ ಎಂಬ ರಕ್ತಪರೀಕ್ಷೆ, ಅದರ ಎದುರು ದಪ್ಪ ಅಕ್ಷರದಲ್ಲಿ ಒಂದು ಸಂಖ್ಯೆ. ಆ ಸಂಖ್ಯೆಯನ್ನು ಬಿಡಿಸಿ ಹೇಳಲು ಡಾಕ್ಟರೇ ಬೇಕೆಂದಿಲ್ಲ. ಗೂಗಲ್ ಮಾಡಿದರೆ ಅರ್ಧ ನಿಮಿಷದ ಕೆಲಸ. ಹುಡುಗಿ ಬಸುರಿ.

ಲ್ಯಾಬಿಗೆ ಫೋನ್ ಮಾಡಿದೆ. ಆ ಕಡೆಯ ಹುಡುಗ ಹೆಸರು ಕೇಳಿದ, ಏನನ್ನೋ ಕುಟ್ಟಿ ನೋಡಿದ. “ಓ, ಲಾಸ್ಟ್ ನಂಬರ್ ಮಿಸ್ಟೇಕ್ ಆಗಿದೆ ಮೇಡಂ. ಡಿಲೀಟ್ ಮಾಡ್ಬಿಡಿ, ಪರವಾಗಿಲ್ಲ” ಅಂದ. ಯಾರಿಗೆ ಪರವಾಗಿಲ್ಲ ಎಂದು ಕೇಳುವಷ್ಟರಲ್ಲಿ ಫೋನ್ ಇಟ್ಟಾಗಿತ್ತು. ಡಿಲೀಟ್ ಮಾಡಿದೆ. ಆದರೆ ಬಸ್ಸಿನಲ್ಲಿ ಯಾರಾದರೂ ಅದೇ ಹೆಸರು ಹಿಡಿದು ಕೂಗಿದರೆ ಇವತ್ತಿಗೂ ತಿರುಗಿ ನೋಡುತ್ತೇನೆ. ಆ ಪಿಡಿಎಫ್ ನನಗೆ ಬರುವ ಬದಲು ಅವಳ ಚಿಕ್ಕಪ್ಪನಿಗೋ, ಅಪ್ಪನ ಅಂಗಡಿಯ ಪಕ್ಕದವನಿಗೋ ಹೋಗಿದ್ದರೆ ಏನಾಗುತ್ತಿತ್ತೆಂದು ನಮ್ಮ ನಾಡಿನ ಪತ್ರಿಕೆ ಓದುವವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ.

ನಾನು ಬೆಳೆದ ತಾಲ್ಲೂಕು ಕೇಂದ್ರದಲ್ಲಿ ಇದ್ದದ್ದು ಒಂದೇ ಲ್ಯಾಬು. ಬಸ್‌ಸ್ಟ್ಯಾಂಡಿನ ಹಿಂದೆ, ಸೈಕಲ್ ಶಾಪಿನ ಮೇಲ್ಮಹಡಿಯಲ್ಲಿ. ಅದನ್ನು ನಡೆಸುತ್ತಿದ್ದವರು ರಿಪೋರ್ಟನ್ನು ಮೂರು ಮಡಿಕೆ ಮಡಚಿ, ಕಂದು ಕವರಿಗೆ ಹಾಕಿ, ಗೋಂದಿನ ಬಾಟಲಿಯ ಕುಂಚದಿಂದ ಅಂಚಿಗೆ ಅಂಟು ಸವರಿ, ಹೆಬ್ಬೆರಳಿನಿಂದ ಎರಡು ಸಲ ಒತ್ತಿ, ಮೇಲೆ ಡಾಕ್ಟರ ಹೆಸರು ಬರೆದು ಕೊಡುತ್ತಿದ್ದರು. ಕವರು ನಮ್ಮ ಕೈಯಲ್ಲೇ ಇದ್ದರೂ ಒಡೆಯುವ ಧೈರ್ಯ ಆಗುತ್ತಿರಲಿಲ್ಲ. ಆ ಕಾಲವೇನೂ ಬಂಗಾರದ್ದಲ್ಲ, ಬಿಡಿ. ಕಾಂಪೌಂಡರ ಬಾಯಿ ಸೋರುತ್ತಿತ್ತು. ಕ್ಷಯವೋ ಕುಷ್ಠವೋ ಇದ್ದ ಮನೆಯ ಜೊತೆ ಸಂಬಂಧ ಬೆಳೆಸಲು ಜನ ಹಿಂಜರಿಯುತ್ತಿದ್ದರು. ಆದರೆ ಸೋರಿದ ಮಾತು ಹೆಚ್ಚೆಂದರೆ ಸಂತೆಯ ತನಕ ಹೋಗಿ ನಿಲ್ಲುತ್ತಿತ್ತು, ಹತ್ತು ವರ್ಷಕ್ಕೆ ಮರೆತೂ ಹೋಗುತ್ತಿತ್ತು. ಈಗ ಸೋರಿದ್ದು ಯಾವ ದೇಶದ ಯಾವ ಸರ್ವರಿನಲ್ಲಿ ಕೂತಿದೆಯೋ ಗೊತ್ತಾಗುವುದಿಲ್ಲ. ಅದಕ್ಕೆ ಮರೆವೂ ಇಲ್ಲ, ಮುಪ್ಪೂ ಇಲ್ಲ.

ಕಂಪ್ಯೂಟರನ್ನು ಆಸ್ಪತ್ರೆಯಿಂದ ಆಚೆ ಹಾಕಿ ಎಂದು ನಾನು ಹೇಳಲು ಹೊರಟಿಲ್ಲ. ಪ್ಲಾಸ್ಟಿಕ್ ಚೀಲದ ತುಂಬ ಹಳೆಯ ಚೀಟಿ, ಎಕ್ಸ್‌ರೇ ಹೊತ್ತುಕೊಂಡು ಜಿಲ್ಲಾಸ್ಪತ್ರೆಯಿಂದ ಬೆಂಗಳೂರಿಗೆ ಅಲೆದವರಿಗೆ ಕಡತವೊಂದು ತಾನಾಗಿಯೇ ತೆರೆಯ ಮೇಲೆ ಬಂದರೆ ಎಷ್ಟು ಹಗುರವೆಂದು ಗೊತ್ತು. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಗೆ ನಮ್ಮ ನಿಮ್ಹಾನ್ಸ್ ಆಸರೆ ಕೊಟ್ಟಿದೆ. ನಡುರಾತ್ರಿ 14416ಕ್ಕೆ ಫೋನ್ ಮಾಡಿ ಅತ್ತವರು ಬೆಳಿಗ್ಗೆ ಬದುಕಿರುವುದು ಸಣ್ಣ ಮಾತಲ್ಲ. ಆದರೆ ಆ ಫೋನ್ ಮಾಡುವವನು ಒಂದೇ ಒಂದು ನಂಬಿಕೆಯ ಮೇಲೆ ಬಾಯಿ ಬಿಡುತ್ತಾನೆ. ಡಾಕ್ಟರ ಹತ್ತಿರ, ಲಾಯರ ಹತ್ತಿರ ಸುಳ್ಳು ಹೇಳಬಾರದು ಎಂದು ನಮ್ಮ ಹಿರಿಯರು ಹೇಳುತ್ತಾರಲ್ಲ, ಆ ಮಾತು ನಿಂತಿರುವುದು ಆಡಿದ ನಿಜ ಅಲ್ಲಿಂದ ಆಚೆ ಹೋಗದು ಎಂಬ ಇನ್ನೊಂದು ಮಾತಿನ ಮೇಲೆ. ಎರಡನೆಯದನ್ನು ನಾವು ಮುರಿದರೆ ಮೊದಲನೆಯದನ್ನು ರೋಗಿ ಮುರಿಯುತ್ತಾನೆ. ಕೆಮ್ಮಿನಲ್ಲಿ ರಕ್ತ ಬಂದದ್ದನ್ನು ಹೇಳುವುದಿಲ್ಲ, ಕುಡಿತವನ್ನು ಹೇಳುವುದಿಲ್ಲ, ಕೈಯ ಮೇಲಿನ ಗಾಯ ಹೇಗಾಯಿತೆಂದು ಹೇಳುವುದಿಲ್ಲ. ಆಗ ಎಷ್ಟು ಕೋಟಿಯ ಸಾಫ್ಟ್‌ವೇರ್ ಇದ್ದರೂ ಅದರೊಳಗೆ ತುಂಬುವುದು ಸುಳ್ಳೇ.

ಈಗ ಕೌಂಟರಿಗೆ ಬನ್ನಿ. ಎಲ್ಲ ಕೆಡುವುದು ಅಲ್ಲಿಯೇ. “ಮೊಬೈಲ್ ನಂಬರ್ ಹೇಳಿ” ಎನ್ನುತ್ತಾರೆ. ಯಾರ ಮೊಬೈಲ್? ನಮ್ಮ ಹಳ್ಳಿಮನೆಗಳಲ್ಲಿ ಎಷ್ಟೋ ಕಡೆ ಫೋನು ಇರುವುದು ಗಂಡನ ಜೇಬಿನಲ್ಲಿ, ಇಲ್ಲವೇ ಕಾಲೇಜಿಗೆ ಹೋಗುವ ಮಗನ ಕೈಯಲ್ಲಿ. ಹೆಂಗಸು ಆ ನಂಬರನ್ನೇ ಬಾಯಿಪಾಠ ಮಾಡಿಕೊಂಡಿರುತ್ತಾಳೆ. ಅವಳು ಕಾಪರ್-ಟಿ ಹಾಕಿಸಿಕೊಳ್ಳಲು ಬಂದಿರಬಹುದು. ಮನಸ್ಸು ಸರಿಯಿಲ್ಲವೆಂದು ಯಾರಿಗೂ ಹೇಳದೆ ಮಾನಸಿಕ ವಿಭಾಗದ ಚೀಟಿ ಮಾಡಿಸಿರಬಹುದು. ಗಂಡನೇ ಹೊಡೆದ ಪೆಟ್ಟಿಗೆ ಔಷಧಿ ಹಚ್ಚಿಸಿಕೊಳ್ಳಲು ಬಂದಿರಬಹುದು. ಚೀಟಿ ಆಗುತ್ತಿದ್ದಂತೆ ‘ನಿಮ್ಮ ಭೇಟಿ ಇಂಥ ದಿನ, ಇಂಥ ವಿಭಾಗ’ ಎಂದು ಮೆಸೇಜು ಹೋಗಿ ಬೀಳುವುದು ಯಾರಿಂದ ಮುಚ್ಚಿಡಬೇಕಾಗಿತ್ತೋ ಅವನದೇ ಜೇಬಿಗೆ. ತಂತ್ರಾಂಶ ಬರೆದವನ ತಲೆಯಲ್ಲಿ ಒಬ್ಬ ಮನುಷ್ಯನಿಗೆ ಒಂದು ಫೋನು ಎಂಬ ಲೆಕ್ಕ ಇತ್ತು. ಆ ಲೆಕ್ಕ ಬೆಂಗಳೂರಿನ ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡದಲ್ಲಿ ಕೂತವನಿಗೆ ಸರಿ. ಹಳ್ಳಿಯ ಜಗಲಿಯ ಮೇಲೆ ಆ ಲೆಕ್ಕ ನಡೆಯುವುದಿಲ್ಲ.

ಆಮೇಲೆ ಓಟಿಪಿ. 2021ರ ಸೆಪ್ಟೆಂಬರ್ 27ರಂದು ದೇಶದಾದ್ಯಂತ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಅಡಿಯಲ್ಲಿ ನಮಗೆಲ್ಲ ಹದಿನಾಲ್ಕು ಅಂಕಿಯ ಆಭಾ ಸಂಖ್ಯೆ ಸಿಗುತ್ತದೆ. ಅದು ಐಚ್ಛಿಕ, ಅದಿಲ್ಲವೆಂದು ಚಿಕಿತ್ಸೆ ನಿರಾಕರಿಸುವಂತಿಲ್ಲ ಎಂದು ಸರ್ಕಾರದ ಕಾಗದವೇ ಹೇಳುತ್ತದೆ. ನಿಮ್ಮ ಕಡತವನ್ನು ಯಾರು, ಎಷ್ಟು ದಿನ, ಯಾತಕ್ಕೆ ನೋಡಬೇಕೆಂದು ನೀವೇ ಒಪ್ಪಿಗೆ ಕೊಡುವ, ಕೊಟ್ಟದ್ದನ್ನು ಹಿಂದಕ್ಕೆ ಪಡೆಯುವ ಏರ್ಪಾಡೂ ಅದರಲ್ಲಿದೆ. ಕಾಗದದ ಮೇಲೆ ಚೆನ್ನಾಗಿಯೇ ಇದೆ. ಆದರೆ ಒಂದು ಸೋಮವಾರ ಬೆಳಿಗ್ಗೆ ಹತ್ತಕ್ಕೆ ಯಾವುದಾದರೂ ದೊಡ್ಡ ಆಸ್ಪತ್ರೆಯ ಒಪಿಡಿ ಸಾಲಿನಲ್ಲಿ ನಿಂತು ನೋಡಿ. “ಅಜ್ಜಿ, ಓಟಿಪಿ ಬಂದಿರತ್ತೆ, ಹೇಳಿ.” ಅಜ್ಜಿ ಫೋನನ್ನೇ ಕೌಂಟರಿನ ತೂತಿನೊಳಗೆ ತೂರಿಸುತ್ತಾಳೆ. ಹುಡುಗಿ ಆರು ಅಂಕಿ ಒತ್ತಿ ಫೋನ್ ಹಿಂದಕ್ಕೆ ಕೊಡುತ್ತಾಳೆ. ಕಾನೂನಿನ ಕಣ್ಣಿನಲ್ಲಿ ಅಜ್ಜಿ ತಿಳಿದು, ಯೋಚಿಸಿ, ಸ್ವಇಚ್ಛೆಯಿಂದ ಒಪ್ಪಿಗೆ ಕೊಟ್ಟಾಯಿತು! ಅಜ್ಜಿಯ ಮಟ್ಟಿಗೆ ಅದು ಸಾಲು ಒಂದು ಹೆಜ್ಜೆ ಮುಂದೆ ಹೋಗಲು ಕೊಟ್ಟ ಸುಂಕ.

ಕೌಂಟರಿನ ಹುಡುಗಿಯನ್ನು ಬೈದು ಪ್ರಯೋಜನವಿಲ್ಲ. ಅವಳಿಗೆ ಮೇಲಿನವರು ಕೊಟ್ಟದ್ದು ಗುರಿ, ದಿನಕ್ಕೆ ಇಷ್ಟು ಎಂದು. ಆಶಾ ಅಕ್ಕಂದಿರ ಪಾಡೂ ಅಷ್ಟೇ. 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಅವರು ಹಗಲುರಾತ್ರಿ ಕೂತದ್ದು ಗೌರವಧನಕ್ಕಾಗಿ. ಪ್ರೋತ್ಸಾಹಧನವನ್ನು ತಾಯಿ-ಮಕ್ಕಳ ಆರೋಗ್ಯದ ವಿವರ ತುಂಬುವ ಆರ್‌ಸಿಎಚ್ ಪೋರ್ಟಲಿಗೆ ಗಂಟುಹಾಕಿದ್ದರ ವಿರುದ್ಧದ ಕೂಗೂ ಅದರಲ್ಲಿ ಸೇರಿತ್ತು. ಬಸುರಿಯ ಮನೆಗೆ ಹತ್ತು ಸಲ ನಡೆದದ್ದು ಕೆಲಸವಲ್ಲ, ತೆರೆಯ ಮೇಲೆ ಕಂಡದ್ದೇ ಕೆಲಸ ಎಂದಾದಾಗ ಬಸುರಿಯ ಗುಟ್ಟಿಗೆ ಬೆಲೆ ಕೊಡುವಷ್ಟು ಪುರುಸೊತ್ತು ಯಾರಿಗೆ ಉಳಿಯುತ್ತದೆ?

ಗುಟ್ಟು ಕಾಯಲು ಕಾನೂನು ಇಲ್ಲವೇ ಎಂದರೆ, ಇದೆ. ಬೇಕಾದಷ್ಟಿದೆ. ಎಚ್‌ಐವಿ ಇರುವವರ ವಿಷಯ ಬಯಲು ಮಾಡಬಾರದು, ಅವರ ದಾಖಲೆ ಭದ್ರವಾಗಿರಬೇಕು ಎಂದು 2017ರ ಎಚ್‌ಐವಿ-ಏಡ್ಸ್ ಕಾಯ್ದೆ ಹೇಳುತ್ತದೆ. ಅದೇ ವರ್ಷದ ಮಾನಸಿಕ ಆರೋಗ್ಯ ಕಾಯ್ದೆ, ಚಿಕಿತ್ಸೆ ಪಡೆಯುತ್ತಿರುವವರ ಫೋಟೊ ಇರಲಿ, ವಿವರ ಇರಲಿ, ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಕೊಡುವಂತಿಲ್ಲ ಎನ್ನುತ್ತದೆ. ಕೇಳಿದ ಎಪ್ಪತ್ತೆರಡು ಗಂಟೆಯೊಳಗೆ ರೋಗಿಗೆ ಅವರ ದಾಖಲೆ ಕೊಡಬೇಕೆಂಬ ವೈದ್ಯರ ನಡತೆಯ ನಿಯಮ 2002ರಿಂದಲೇ ಇದೆ. ನಮ್ಮ ಕಡತ ನಮಗೆ ಸಿಗಲು ಎಂಟು ದಿನ ಅಲೆಯಬೇಕು, ಊರವರಿಗೆ ಸಿಗಲು ಒಂದು ತಪ್ಪು ಅಂಕಿ ಸಾಕು!

ಖಾಸಗಿತನ ನಮ್ಮ ಹಕ್ಕು ಎಂಬ ತೀರ್ಪಿನ ಬುಡದಲ್ಲಿ ನಿಂತವರು ನಮ್ಮವರೇ ಒಬ್ಬರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ, ತಮ್ಮ ಎಂಬತ್ತಾರನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ವಯಸ್ಸಿನಲ್ಲಿ ನಮ್ಮಲ್ಲಿ ಬಹಳ ಜನ ಪಿಂಚಣಿಯ ಜೀವಂತ ಪ್ರಮಾಣಪತ್ರಕ್ಕೆ ಬ್ಯಾಂಕಿಗೆ ಹೋಗಲೂ ಬೇಸರಪಡುತ್ತಾರೆ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಆ ದೊಡ್ಡ ತೀರ್ಪಿನೊಳಗೆ ಆಸ್ಪತ್ರೆಯ ಮಾತೂ ಇದೆ. ರೋಗಿ ಆಸ್ಪತ್ರೆಗೆ ಒಪ್ಪಿಸಿದ ದಾಖಲೆಯನ್ನು ಅಧಿಕಾರವಿಲ್ಲದೆ ಬೇರೆಯವರಿಗೆ ದಾಟಿಸಿದರೆ ಅದು ಖಾಸಗಿತನದ ಮೇಲಿನ ದಾಳಿ. ಆದರೆ ಡೆಂಗಿ, ಮಲೇರಿಯಾದಂಥ ಪಿಡುಗು ಬಂದಾಗ, ಇಂಥವರೆಂದು ಗುರುತು ಸಿಗದ ಹಾಗೆ ಆಸ್ಪತ್ರೆಯ ಅಂಕಿಗಳನ್ನು ಸರ್ಕಾರ ಬಳಸಿಕೊಳ್ಳಬಹುದು ಎಂಬ ಅರ್ಥದ ಮಾತು ಅದು. ಎಷ್ಟು ಮಂದಿಗೆ ಜ್ವರ ಎಂದು ಊರಿಗೆ ತಿಳಿಯಬೇಕು. ಯಾರಿಗೆ ಜ್ವರ ಎಂದು ತಿಳಿಯಬೇಕಾದವರು ಡಾಕ್ಟರು. ನಮ್ಮಜ್ಜಿಗೂ ಅರ್ಥವಾಗುವ ಗೆರೆ ಇದು.

ಮೂರು ವರ್ಷ ಕಳೆಯುವ ಮುನ್ನ ಆ ಗೆರೆಯನ್ನು ಅಳಿಸಿದ್ದು ಪುಟ್ಟಸ್ವಾಮಿಯವರ ರಾಜ್ಯವೇ. 2020ರ ಮಾರ್ಚ್ ತಿಂಗಳು ನೆನಪಿದೆಯೇ? ವಿದೇಶದಿಂದ ಬಂದು ಮನೆಯಲ್ಲೇ ಕ್ವಾರಂಟೈನ್ ಆದವರ ಮನೆವಿಳಾಸಗಳನ್ನು ಜಿಲ್ಲಾವಾರು ಪಟ್ಟಿ ಮಾಡಿ ರಾಜ್ಯ ಸರ್ಕಾರ ಬಯಲಿಗಿಟ್ಟಿತು. ಕಾಯಿಲೆ ಇದ್ದವರಲ್ಲ, ಬರಬಹುದೆಂಬ ಶಂಕೆ ಇದ್ದವರು. ಪಟ್ಟಿ ಆ ರಾತ್ರಿಯೇ ಅಪಾರ್ಟ್‌ಮೆಂಟಿನ ಗುಂಪುಗಳಿಗೆ, ಬಡಾವಣೆಯ ಗುಂಪುಗಳಿಗೆ ಹರಿದಾಡಿತು. ನನಗೂ ಬಂತು. ನಾನೂ ನೋಡಿದೆ, ನಮ್ಮ ಬೀದಿಯ ಹೆಸರು ಇದೆಯೇ ಎಂದು ಹುಡುಕಿದೆ. ಈ ಬರಹ ಬರೆಯುವ ಯೋಗ್ಯತೆ ನನಗೆ ಎಷ್ಟಿದೆ ಎಂದು ಕೇಳಿಕೊಳ್ಳುವುದು ಆ ರಾತ್ರಿಯನ್ನು ನೆನೆದಾಗಲೇ. ಕ್ವಾರಂಟೈನ್ ಆದವರು ಗಂಟೆಗೊಂದು ಸೆಲ್ಫಿ ಕಳಿಸಬೇಕೆಂಬ ಆಜ್ಞೆಯೂ ಬಂತು. ರಾತ್ರಿ ಹತ್ತರಿಂದ ಬೆಳಿಗ್ಗೆ ಏಳರ ತನಕ ನಿದ್ದೆಗೆ ರಿಯಾಯಿತಿ. ಮನೆಬಾಗಿಲಿಗೆ ನೋಟಿಸು ಅಂಟಿಸುವ ಪದ್ಧತಿ ಬೇಡವೆಂದು ಸುಪ್ರೀಂ ಕೋರ್ಟ್ ಹೇಳುವ ಹೊತ್ತಿಗೆ ಡಿಸೆಂಬರ್ ಬಂದಿತ್ತು. ಆರೋಗ್ಯ ಸೇತು ಆ್ಯಪಿನಲ್ಲಿ ಜನ ತುಂಬಿದ ವಿವರಗಳನ್ನು ಅವರ ಒಪ್ಪಿಗೆಯಿಲ್ಲದೆ ಬೇರೆ ಇಲಾಖೆಗಳ ಜೊತೆ ಹಂಚಿಕೊಳ್ಳಬಾರದೆಂದು 2021ರ ಜನವರಿಯಲ್ಲಿ ತಡೆದದ್ದು ನಮ್ಮದೇ ಹೈಕೋರ್ಟು. ಅಪಮಾನ ಮಾಡಿದ್ದೂ ಈ ನೆಲವೇ, ತಡೆದದ್ದೂ ಈ ನೆಲವೇ.

ಪಿಡುಗು ಹೋಯಿತು, ಚಾಳಿ ಹೋಗಲಿಲ್ಲ. 2022ರ ನವೆಂಬರ್ 23ರ ಬೆಳಿಗ್ಗೆ ದೆಹಲಿಯ ಏಮ್ಸ್‌ನ ಸರ್ವರುಗಳಿಗೆ ಯಾರೋ ಹ್ಯಾಕರುಗಳು ಬೀಗ ಜಡಿದರು. ದೇಶದ ಹೆಸರಾಂತ ಸರ್ಕಾರಿ ಆಸ್ಪತ್ರೆ ಸುಮಾರು ಎರಡು ವಾರ ಕೈಬರಹದ ಚೀಟಿಗೆ ಮರಳಿತು. ನೆಟ್‌ವರ್ಕನ್ನು ಸರಿಯಾಗಿ ವಿಂಗಡಿಸಿರಲಿಲ್ಲ ಎಂದು ಸರ್ಕಾರವೇ ಸಂಸತ್ತಿಗೆ ತಿಳಿಸಿತು. ಅಂದರೆ ಒಂದು ಕೋಣೆಯ ಬಾಗಿಲು ಒಡೆದವನಿಗೆ ಇಡೀ ಮನೆ ತೆರೆದಿತ್ತು. 2025ರ ಫೆಬ್ರವರಿಯಲ್ಲಿ ಗುಜರಾತಿನ ರಾಜಕೋಟ್‌ನ ಒಂದು ಹೆರಿಗೆ ಆಸ್ಪತ್ರೆಯೊಳಗಿನ ಸಿಸಿಟಿವಿ ದೃಶ್ಯಗಳು, ತಪಾಸಣೆಗೆ ಮಲಗಿದ ಹೆಂಗಸರ ದೃಶ್ಯಗಳು, ಆನ್‌ಲೈನಿನಲ್ಲಿ ಮಾರಾಟಕ್ಕೆ ಬಂದವು. ಪೊಲೀಸರು ಕೆಲವರನ್ನು ಹಿಡಿದರು. ಆ ಕೋಣೆಯಲ್ಲಿ ಕ್ಯಾಮೆರಾ ಹಾಕೋಣ ಎಂದವರು ಯಾರು, ಹಾಕುವಾಗ ಬೇಡವೆನ್ನದೆ ಸುಮ್ಮನಿದ್ದವರು ಎಷ್ಟು ಮಂದಿ ಎಂಬುದೇ ನನ್ನನ್ನು ಹೆಚ್ಚು ಕಾಡುತ್ತದೆ.

ಹೊಸ ಕಾನೂನು ಬಂದಿದೆಯಲ್ಲ ಎನ್ನುತ್ತಾರೆ. ಬಂದಿದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2023ರ ಆಗಸ್ಟಿನಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ನಿಯಮಗಳು ಹೊರಬಿದ್ದದ್ದು 2025ರ ನವೆಂಬರಿನಲ್ಲಿ. ಮುಖ್ಯ ಕಲಮುಗಳು ಜಾರಿಯಾಗಲು ಅಲ್ಲಿಂದ ಇನ್ನೂ ಹದಿನೆಂಟು ತಿಂಗಳ ಗಡುವು. ಅದರೊಳಗೆ ಕಣ್ಣಾಡಿಸಿದರೆ ಮೂರು ಕಡೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. 2011ರ ಹಳೆಯ ನಿಯಮಗಳಲ್ಲಿ ಆರೋಗ್ಯದ ದಾಖಲೆಗೆ ಸೂಕ್ಷ್ಮ ಮಾಹಿತಿ ಎಂಬ ಬೇರೆ ಸ್ಥಾನವಿತ್ತು. ಹೊಸ ಕಾಯ್ದೆಯಲ್ಲಿ ನಿಮ್ಮ ಗರ್ಭಪಾತದ ವಿವರವೂ ನಿಮ್ಮ ಪಿಜ್ಜಾ ಆರ್ಡರೂ ಒಂದೇ ಗೂಡಿನಲ್ಲಿ. ಮಾಹಿತಿ ಸೋರಿಸಿದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು, ಸಂತೋಷ. ಆದರೆ ಆ ದುಡ್ಡು ಹೋಗುವುದು ಸರ್ಕಾರದ ಸಂಚಿತ ನಿಧಿಗೆ. ಮಾನ ಹೋದ ಆ ಹತ್ತೊಂಬತ್ತರ ಹುಡುಗಿಗೆ ಒಂದು ಪೈಸೆಯೂ ಇಲ್ಲ. ಐಟಿ ಕಾಯ್ದೆಯ 43-ಎ ಕಲಮಿನಡಿ ಪರಿಹಾರ ಕೇಳುವ ಒಂದು ಹಳೆಯ ದಾರಿ ಇದೆ, ಹೊಸ ಕಾಯ್ದೆ ಪೂರ್ತಿ ಜಾರಿಯಾದಾಗ ಅದೂ ಅಳಿಸಿಹೋಗುತ್ತದೆ. ಸಾಲದ್ದಕ್ಕೆ, ಹುರುಳಿಲ್ಲದ ದೂರು ಕೊಟ್ಟರೆಂದು ತೀರ್ಮಾನವಾದರೆ ದೂರು ಕೊಟ್ಟವರಿಗೇ ಹತ್ತು ಸಾವಿರ ರೂಪಾಯಿವರೆಗೆ ದಂಡ.

ಒಂದು ಒಳ್ಳೆಯ ಕಲಮು ಇದೆ, ಅದನ್ನು ಕನ್ನಡಿಗರು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಒಪ್ಪಿಗೆ ಕೇಳುವ ನೋಟಿಸನ್ನು ಇಂಗ್ಲಿಷಿನಲ್ಲೋ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲೋ ಓದುವ ಆಯ್ಕೆ ನಮಗೆ ಇರಬೇಕು ಎನ್ನುತ್ತದೆ ಅದು. ಅಂದರೆ ಕನ್ನಡದಲ್ಲಿ. ಕನ್ನಡ ಬೋರ್ಡಿಗಾಗಿ ಬೀದಿಗಿಳಿಯುತ್ತೇವೆ, ಇಳಿಯಲೇಬೇಕು. ಆಪರೇಷನ್ ಥಿಯೇಟರಿಗೆ ಕರೆದೊಯ್ಯುವ ಹತ್ತು ನಿಮಿಷ ಮುಂಚೆ ಕೈಗೆ ತುರುಕುವ ನಾಲ್ಕು ಪುಟದ ಇಂಗ್ಲಿಷ್ ಫಾರಮಿಗೆ ಮಾತ್ರ ಬಾಯಿ ಮುಚ್ಚಿಕೊಂಡು ಸಹಿ ಹಾಕುತ್ತೇವೆ. ಗಡುವು ಮುಗಿಯುವ ತನಕ ಯಾಕೆ ಕಾಯಬೇಕು? ನಾಳೆಯೇ ಕೇಳಿ. “ಕನ್ನಡದಲ್ಲಿ ಕೊಡಿ, ಓದಿ ಸಹಿ ಹಾಕ್ತೀನಿ” ಎನ್ನಿ. ಹತ್ತು ಜನ ಕೇಳಿದರೆ ಹನ್ನೊಂದನೆಯವರ ಹೊತ್ತಿಗೆ ಪ್ರಿಂಟ್ ಆಗಿರುತ್ತದೆ.

ಡಾಕ್ಟರೇ, ನಿಮ್ಮನ್ನು ಕೇಳುತ್ತಿದ್ದೇನೆ. ಅಪರೂಪದ ಕೇಸು ಎಂದು ಸ್ಕ್ಯಾನಿನ ಫೋಟೊ ತೆಗೆದು ಬ್ಯಾಚಿನ ಗುಂಪಿಗೆ ಹಾಕುತ್ತೀರಲ್ಲ, ಮೂಲೆಯಲ್ಲಿ ರೋಗಿಯ ಹೆಸರು ಇದೆಯೇ ಎಂದು ಒಮ್ಮೆ ನೋಡಿ. ಬೆರಳಿನಿಂದ ಮುಚ್ಚಿ ತೆಗೆದರೂ ಸಾಕು. ಟೆಲಿಮೆಡಿಸಿನ್ ಮಾರ್ಗಸೂಚಿ ಬಂದದ್ದು 2020ರ ಮಾರ್ಚ್ 25ರಂದು, ಊರೆಲ್ಲ ಬಾಗಿಲು ಹಾಕಿಕೊಂಡ ದಿನ. ರೋಗಿಯೇ ಕರೆ ಮಾಡಿದರೆ ಸಮಾಲೋಚನೆಗೆ ಒಪ್ಪಿಗೆ ಇದೆಯೆಂದು ತಿಳಿಯಬೇಕು ಎಂದಿದೆ ಅದರಲ್ಲಿ. ಸಮಾಲೋಚನೆಗೆ ಮಾತ್ರ, ಸ್ವಾಮಿ. ಪಕ್ಕದಲ್ಲಿ ಕೂತ ಔಷಧಿ ಕಂಪನಿಯ ರೆಪ್ಪು ಕೇಳಿಸಿಕೊಳ್ಳುವುದಕ್ಕಲ್ಲ, ಕಾರಿನ ಸ್ಪೀಕರಿನಲ್ಲಿ ಡ್ರೈವರಿಗೂ ಕೇಳಿಸುವುದಕ್ಕಲ್ಲ.

ಬೆಂಗಳೂರಿನಲ್ಲಿ ಕೂತು ಆಸ್ಪತ್ರೆಗಳಿಗೆ ಆ್ಯಪು ಬರೆಯುವ ನಮ್ಮ ಮಕ್ಕಳೇ, ಇದು ಹೆಚ್ಚು ನಿಮ್ಮ ಕೈಯಲ್ಲೇ ಇದೆ. ಮೆಸೇಜಿನಲ್ಲಿ ವಿಭಾಗದ ಹೆಸರು ಹಾಕಲೇಬೇಕೇ? ‘ನಿಮ್ಮ ಭೇಟಿ ಗುರುವಾರ 11ಕ್ಕೆ’ ಎಂದರೆ ಸಾಲದೇ? ‘ಈ ನಂಬರಿಗೆ ಮೆಸೇಜ್ ಕಳಿಸಬಹುದೇ?’ ಎಂಬ ಒಂದು ಖಾನೆ ಸೇರಿಸಲು ಎಷ್ಟು ಗಂಟೆ ಬೇಕು? ರಿಪೋರ್ಟ್ ತೆರೆಯಲು ಒಂದು ಪಾಸ್‌ವರ್ಡ್ ಇಟ್ಟಿದ್ದರೆ ಆ ಸಂಜೆ ನಾನು ಅದನ್ನು ತೆರೆಯಲಾಗುತ್ತಿರಲಿಲ್ಲ. ಕಂದು ಕವರಿನ ಅಂಚಿಗೆ ಸವರಿದ ಗೋಂದು ಎಂದರೆ ಅಷ್ಟೇ. ‘ಕ್ಲೈಂಟ್ ಕೇಳಲಿಲ್ಲ’ ಎನ್ನಬೇಡಿ. ಸೈಕಲ್ ಶಾಪಿನ ಮೇಲಿನ ಆ ಮನುಷ್ಯನಿಗೂ ಯಾರೂ ಅಂಟು ಹಚ್ಚು ಎಂದು ಹೇಳಿರಲಿಲ್ಲ.

ಅಧಿಕಾರಿಗಳೇ, ಆಭಾ ಸಂಖ್ಯೆಯ ಗುರಿ ಮುಟ್ಟಿತೆಂದು ಜಿಲ್ಲೆ ಜಿಲ್ಲೆಯ ನಡುವೆ ಓಟದ ಪಂದ್ಯ ಇಡಬೇಡಿ. ಐಚ್ಛಿಕ ಎಂದ ಮೇಲೆ ಗುರಿ ಎಲ್ಲಿಂದ ಬಂತು? ಇನ್ನು ನಾವು, ಸುದ್ದಿ ಬರೆಯುವವರು ಮತ್ತು ಸುದ್ದಿ ಹಂಚುವವರು. ನಟನೊಬ್ಬ ಆಸ್ಪತ್ರೆ ಸೇರಿದರೆ ಅವನ ರಕ್ತದೊತ್ತಡ ಎಷ್ಟು, ಕಿಡ್ನಿ ಹೇಗಿದೆ ಎಂದು ಸ್ಕ್ರಾಲ್ ಓಡಿಸುತ್ತೇವೆ. ಒಳಗಿನಿಂದ ಆ ರಿಪೋರ್ಟಿನ ಫೋಟೊ ಕಳಿಸಿದವನನ್ನು ‘ಮೂಲ’ ಎಂದು ಗೌರವಿಸುತ್ತೇವೆ. ಅವನು ಮೂಲವಲ್ಲ, ಸೋರುವ ನಲ್ಲಿ.

ಹೋದ ತಿಂಗಳು ನಮ್ಮ ಅತ್ತೆಯನ್ನು ಕರೆದುಕೊಂಡು ಊರಿನ ಆಸ್ಪತ್ರೆಗೆ ಹೋಗಿದ್ದೆ. ಗರ್ಭಕೋಶ ಕೆಳಗೆ ಜಾರುವ ತೊಂದರೆ. ಎಷ್ಟೋ ವರ್ಷದಿಂದ ಇತ್ತಂತೆ, ನನಗೆ ಹೇಳಿದ್ದು ಈಗ. “ಏನಮ್ಮಾ ತೊಂದ್ರೆ?” ಎಂದು ಕೌಂಟರಿನ ಹುಡುಗ ಗಾಜಿನಾಚೆಯಿಂದ ಕೂಗಿದ. ಹಿಂದೆ ಇಪ್ಪತ್ತು ಜನ, ಅವರಲ್ಲಿ ನಮ್ಮ ಬೀದಿಯವರೇ ಇಬ್ಬರು. ಅತ್ತೆ ಸೆರಗನ್ನು ಬಾಯಿಗೆ ಹಿಡಿದುಕೊಂಡು ನನ್ನ ಕಡೆ ನೋಡಿದರು. ನಾನು ಏನೋ ಹೇಳಲು ಹೊರಟೆ. ಅಷ್ಟರಲ್ಲಿ ಒಳಗಿನಿಂದ ವಯಸ್ಸಾದ ಸಿಸ್ಟರೊಬ್ಬರು ಎದ್ದು, ಕೌಂಟರಿನ ಬಾಗಿಲು ದೂಡಿಕೊಂಡು ಈಚೆ ಬಂದರು. ಅತ್ತೆಯ ಹೆಗಲ ಮೇಲೆ ಕೈಯಿಟ್ಟು ಗೋಡೆಯ ಪಕ್ಕಕ್ಕೆ ಕರೆದುಕೊಂಡು ಹೋಗಿ, ಬಗ್ಗಿ, ತಮ್ಮ ಕಿವಿಯನ್ನು ಅತ್ತೆಯ ಬಾಯಿಯ ಹತ್ತಿರ ತಂದರು. ಅತ್ತೆ ಹೇಳಿದರು. ಸಿಸ್ಟರ್ ಒಳಗೆ ಹೋಗಿ, ಹುಡುಗನನ್ನು ಎಬ್ಬಿಸಿ, ಕಂಪ್ಯೂಟರಿನ ಮುಖವನ್ನು ಸಾಲಿನಿಂದ ಆಚೆಗೆ ತಿರುಗಿಸಿ ತಾವೇ ಒಂದೊಂದೇ ಅಕ್ಷರ ಒತ್ತಿದರು. ಮೊಬೈಲ್ ನಂಬರಿನ ಖಾನೆ ಬಂದಾಗ ನಾನು ನನ್ನದನ್ನು ಹೇಳಲು ಬಾಯಿ ತೆರೆದೆ. ಅವರು ನನ್ನ ಕಡೆ ನೋಡಲೂ ಇಲ್ಲ.

“ಯಾರ ನಂಬರ್ ಹಾಕ್ಲಿ ಅಮ್ಮಾ?” ಎಂದು ಅತ್ತೆಯನ್ನೇ ಕೇಳಿದರು.